ಎರಡನೇ ರಿವ್ಯೂವರ್‌ಗೆ ಉತ್ತರ

ಮತ್ತೆ ಕೆಂಪು ಗೆರೆ, ಈ ಸಲ ಬಿರುಕು ಎಂಬ ಪದದ ಕೆಳಗೇ — ಈ ಪದವನ್ನು ತೊಂಬತ್ತಾರು ಸಲ ಬಳಸಿದ್ದೀರಿ, ಬದಲಿಗೆ ಒಡಕು, ಸೀಳು, ಮನಸ್ತಾಪ ಇವುಗಳಲ್ಲಿ ಒಂದನ್ನು ಆರಿಸಿ — ಮನಸ್ತಾಪವಂತೆ, ಟ್ಯಾಂಕಿನ ಉತ್ತರದ ಗೋಡೆಯಲ್ಲಿ ಸೊನ್ನೆ ಪಾಯಿಂಟ್ ಮೂರು ಮಿಲಿಮೀಟರ್ ಅಗಲದ ಮನಸ್ತಾಪ ಕಂಡುಬಂದಿದೆ ಎಂದು ಇಂಗ್ಲಿಷಿನಲ್ಲಿ ಬರೆದು ಕಳಿಸಿದರೆ ಆ ಜರ್ನಲ್‌ನವರು ನನ್ನನ್ನು ಇಂಜಿನಿಯರು ಅಂದುಕೊಳ್ಳುತ್ತಾರೋ ವಿಚ್ಛೇದನದ ವಕೀಲ ಅಂದುಕೊಳ್ಳುತ್ತಾರೋ, ಬೇಡ, ಇಂಟು ಗುರುತು ಒತ್ತು, ಹೋಯಿತು, ಇಲ್ಲ, ಹೋಗಲಿಲ್ಲ, ಮುಂದಿನ ಸಾಲಿನಲ್ಲಿ ಮತ್ತೆ ಬಂದು ಕೂತಿದೆ, ಬ್ರೌಸರಿನೊಳಗೆ ಕೂತು ಭಾಷೆ ತಿದ್ದುವ ಈ ಯಂತ್ರಕ್ಕೆ ಅದರ ಕಂಪನಿ ಏನು ಹೆಸರಾದರೂ ಇಟ್ಟುಕೊಂಡಿರಲಿ ನಾನು ಇಟ್ಟ ಹೆಸರು ತಿದ್ದಪ್ಪ, ತಿದ್ದಪ್ಪನಿಗೆ ಬಿರುಕು ಕಂಡರಾಗದು, ನನಗೆ ಬಿರುಕು ಬಿಟ್ಟರೆ ಬೇರೆ ಗತಿಯಿಲ್ಲ, ಈ ಭೂಮಂಡಲದಲ್ಲಿ ಕಾಂಕ್ರೀಟಿನ ಬಿರುಕನ್ನು ನನ್ನಷ್ಟು ಹತ್ತಿರದಿಂದ ನೋಡಿದ ಇನ್ನೊಬ್ಬ ಇದ್ದರೆ ಎಳೆದುಕೊಂಡು ಬನ್ನಿ, ಮೂರು ನೀರಿನ ಟ್ಯಾಂಕು, ಇಪ್ಪತ್ತಾರು ತಿಂಗಳು, ನಾಲ್ಕು ಸಾವಿರ ಬಿರುಕು — ಸರಿ, ನಾಲ್ಕು ಸಾವಿರ ಎಂಬುದು ಮದುವೆಮನೆಗಳಲ್ಲಿ ನೆಂಟರಿಗೆ ಹೇಳುವ ಲೆಕ್ಕ, ಪೇಪರಿನಲ್ಲಿರುವುದು ನೂರ ಮೂವತ್ತೆಂಟು, ಬಾಯಲ್ಲಿ ನಾನು ಏನು ಬೇಕಾದರೂ ಬಿಡುತ್ತೇನೆ, ಕೋಷ್ಟಕದಲ್ಲಿ ಮಾತ್ರ ಕೂದಲೆಳೆಯಷ್ಟೂ ಹೆಚ್ಚಿಸಿದವನಲ್ಲ, ಒಂದೊಂದು ಬಿರುಕಿನ ಪಕ್ಕದಲ್ಲೂ ಪೆನ್ಸಿಲಿನಲ್ಲಿ ನಂಬರು ಬರೆದವನು ನಾನು, ಹದಿನೇಳನೇ ಬಿರುಕಿನ ತಿರುವು ನನ್ನ ಅಂಗೈ ರೇಖೆಗಿಂತ ಚೆನ್ನಾಗಿ ಗೊತ್ತು, ಆ ಟ್ಯಾಂಕುಗಳನ್ನು ಎಷ್ಟು ಸಲ ಹತ್ತಿದ್ದೇನೆಂದರೆ ಒಂದು ದಿನ ಹೋಗದಿದ್ದರೆ ಅವೇ ಮನೆಗೆ ಬಂದು ಯಾಕೆ ಬರಲಿಲ್ಲ ಎಂದು ಕೇಳುವ ಹಾಗಿದ್ದವು — ಮೂರೂ ನಲವತ್ತು, ಐದಕ್ಕೆ ಜರ್ನಲ್‌ನ ಕಿಂಡಿ ಮುಚ್ಚುತ್ತದೆ, ಅಷ್ಟರೊಳಗೆ ತಿದ್ದಿದ ಪೇಪರೂ ಅದನ್ನು ಜರ್ನಲ್ ಪರವಾಗಿ ಓದಿ ತೂಗಿದ ಇಬ್ಬರು ರಿವ್ಯೂವರ್‌ಗಳಿಗೆ ಉತ್ತರವೂ ಒಳಗೆ ಬೀಳಬೇಕು, ಬೀಳದಿದ್ದರೆ ಪೇಪರು ಕಸ, ಪೇಪರಿಲ್ಲದಿದ್ದರೆ ಸೋಮವಾರ ಕಾಯಂ ಆಗುವವರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ, ಹನ್ನೊಂದು ವರ್ಷ ಈ ಕಾಲೇಜಿನಲ್ಲಿ, ನನ್ನ ಕುರ್ಚಿ ಕಾಯಂ, ಮೇಜು ಕಾಯಂ, ತಲೆಯ ಮೇಲೆ ತೊಟ್ಟಿಕ್ಕುವ ಏಸಿ ಕಾಯಂ, ಅದರ ಕೆಳಗಿಟ್ಟ ಬಕೆಟ್ಟೂ ಕಾಯಂ, ನಾನೊಬ್ಬನೇ ತಾತ್ಕಾಲಿಕ.

ಎಂಬತ್ತೊಂದು. ಪರದೆಯ ಬಲಮೂಲೆಯಲ್ಲಿ ತಿದ್ದಪ್ಪ ನನ್ನ ಪೇಪರಿಗೆ ಕೊಟ್ಟ ಅಂಕ, ಬೆಳಗ್ಗೆ ಎಪ್ಪತ್ತೊಂಬತ್ತಿತ್ತು, ಏಳು ಗಂಟೆ ಹೊಡೆದಾಡಿ ಎರಡು ಅಂಕ ಗೆದ್ದಿದ್ದೇನೆ, ನಿನ್ನೆ ಮಗಳು ಬೆನ್ನ ಹಿಂದೆ ನಿಂತು ನೋಡಿ ಅಪ್ಪಾ ನಿನ್ಗೆ ಎಪ್ಪತ್ತೊಂಬತ್ತಾ, ನನ್ಗೆ ಎಂಬತ್ತೆಂಟು ಬಂದಾಗ ಆ ಹನ್ನೆರಡು ಎಲ್ಲಿ ಹೋಯ್ತು ಅಂತ ಕೇಳಿದ್ಯಲ್ಲ, ಈಗ ನಿನ್ನ ಇಪ್ಪತ್ತೊಂದು ಎಲ್ಲಿ ಹೋಯ್ತು ಹೇಳು, ಅವಳಮ್ಮ ಒಳಗಿನಿಂದ ನಕ್ಕಿದ್ದು ಕೇಳಿಸಿತು, ನಗಲಿ, ಮಧ್ಯಾಹ್ನ ಅವಳದೇ ಫೋನು, ರೀ ಕಳಿಸಿದ್ರಾ, ಇಲ್ಲ ಇನ್ನೂ ಸ್ವಲ್ಪ ಇದೆ, ಆ ಸ್ವಲ್ಪ ಮದುವೆಯಾದಾಗಿಂದ ಇದೆಯಲ್ರೀ, ಅಕ್ಕನಂತೂ ಇನ್ನೂ ಒಂದು ಕೈ ಮೇಲೆ, ಲೋ ನೀನು ಬರ್ದು ಮುಗ್ಸೋ ಹೊತ್ಗೆ ಆ ಟ್ಯಾಂಕೇ ಬಿದ್ದೋಗಿರತ್ತೆ, ಆಮೇಲೆ ಬಿರುಕು ಎಲ್ಲಿ ಅಂತ ತೋರಿಸ್ತೀಯ — ಇವರಿಗೇನು ಗೊತ್ತು, ನಾನು ಒಂದು ಸಾಲು ತಿದ್ದಿದರೆ ತಿದ್ದಪ್ಪ ಮೂರು ಸಾಲು ಕೆಂಪು ಮಾಡುತ್ತಾನೆ, ಅವನು ಹೇಳಿದ ಹಾಗೆಯೇ ಬದಲಿಸಿದರೆ ಹತ್ತು ನಿಮಿಷ ಬಿಟ್ಟು ಅವನೇ ಬದಲಿಸಿದ್ದಕ್ಕೆ ಅವನೇ ಗೆರೆ ಎಳೆಯುತ್ತಾನೆ, ಅಲ್ಪವಿರಾಮ ಹಾಕು, ಹಾಕಿದೆ, ಅಲ್ಪವಿರಾಮ ತೆಗೆ, ತೆಗೆದೆ, ಸೈನ್ಯದಲ್ಲಿ ಕೂಡ ಇಷ್ಟು ಏಳು-ಕೂರು ಇರಲಾರದು, ಅದೂ ಈ ಯಂತ್ರ ನನ್ನೊಬ್ಬನದಲ್ಲ, ಇಡೀ ಕಾಲೇಜಿಗೆ ಒಂದೇ ಖಾತೆ, ಗ್ರಂಥಪಾಲಕಿ ಮೇಡಂ ಪಾಸ್‌ವರ್ಡನ್ನು ಚೀಟಿಗಳಲ್ಲಿ ಬರೆದು ಹಂಚಿದ್ದಾರೆ, ನೋಡಿ ಸಾರ್ ಎಲ್ರ ಬರಹಾನೂ ಒಂದೇ ಕಪಾಟಲ್ಲಿ ಇದ್ದ ಹಾಗೆ, ನಿಮ್ಮದನ್ನ ನೀವು ತೆಗೀರಿ, ಪಕ್ಕದವ್ರದ್ದಕ್ಕೆ ಕೈ ಹಾಕ್ಬೇಡಿ, ನಾನು ಹಾಕೋ ಪೈಕಿನಾ ಮೇಡಂ ಅಂದೆ, ಅದಕ್ಕೇ ನಿಮಗೆ ಎರಡು ಸಲ ಹೇಳ್ತಿರೋದು ಅಂದರು, ಪಕ್ಕದಲ್ಲಿ ಸಿಮೆಂಟ್ ಮೇಷ್ಟ್ರು ನಿಂತಿದ್ದರು, ಎದುರಿನ ಸಿಮೆಂಟ್ ಲ್ಯಾಬಿನ ಹಿರಿಯರು, ಇನ್ನೆರಡು ವರ್ಷಕ್ಕೆ ನಿವೃತ್ತಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯೊಳಗಿಟ್ಟು, ಅಂದ್ರೆ, ತಪ್ಪು ತಿಳ್ಕೋಬೇಡಿ ಮೇಡಂ, ಇದು ನಮ್ಮಂಥ ವಯಸ್ಸಾದವ್ರ ಇಂಗ್ಲಿಷನ್ನೂ ರಿಪೇರಿ ಮಾಡುತ್ತಾ — ಅವರು ಹಾಗೆಯೇ, ಬಾಗಿಲು ಹಾಕಿ ಅನ್ನಬೇಕಾದರೂ ಅಂದ್ರೆ ನನಗನ್ನಿಸೋದು ಇವರೇ, ಗಾಳಿ ಸ್ವಲ್ಪ ಜಾಸ್ತಿ ಇದೆಯೇನೋ ಅಂತ ಶುರುಮಾಡಿ ಬಾಗಿಲಿಗೆ ಬರುವಷ್ಟರಲ್ಲಿ ಗಾಳಿಯೇ ನಿಂತಿರುತ್ತದೆ, ಬರೆಯುವುದೂ ಹಾಗೆ, ಸಿಮೆಂಟಿನವರ ಚಟ ಒಂದಿದೆ, ಹಾಳೆಯ ತಲೆಯ ಮೇಲೆ ಮೊದಲು ಲ್ಯಾಬಿನ ಉಷ್ಣಾಂಶ, ಗಾಳಿಯ ತೇವಾಂಶ ಬರೆಯದೆ ಮುಂದೆ ಹೋಗುವುದಿಲ್ಲ, ಅಳತೆಯ ಪುಸ್ತಕಕ್ಕೆ ಅದು ಸರಿ, ಮೇಷ್ಟ್ರು ರಜಾ ಅರ್ಜಿಗೂ ಬರೆಯುತ್ತಾರೆ, ಇಪ್ಪತ್ತೇಳು ಡಿಗ್ರಿ, ಅರವತ್ತೊಂದು, ಮಾನ್ಯರೇ ನನಗೆ ಜ್ವರ.

ಆ ಜ್ವರದ ಮನುಷ್ಯರೆಲ್ಲಿ, ಈ ಎರಡನೇ ರಿವ್ಯೂವರ್ ಎಲ್ಲಿ, ಮೊದಲನೆಯವರು ಪಾಪ ನಾಲ್ಕು ಸಾಲು ಬರೆದು ಚಿತ್ರ ಐದನ್ನು ದೊಡ್ಡದು ಮಾಡಿ ಅಂದು ತೆಪ್ಪಗಾದರು, ಎರಡನೆಯವನು — ಹೆಸರಿಲ್ಲ, ಊರಿಲ್ಲ, ಅವನು ಯಾರೆಂದು ನನಗೆ ತಿಳಿಯಬಾರದು ನಾನು ಯಾರೆಂದು ಅವನಿಗೆ ತಿಳಿಯಬಾರದು, ಅದು ಜರ್ನಲ್‌ನ ನಿಯಮ — ಆದರೆ ಅವನ ಮೂರು ಸಾಲು ನನಗೆ ಬಾಯಿಪಾಠ, ಸ್ನಾನ ಮಾಡುವಾಗ ಬರುತ್ತವೆ, ಬಸ್ಸಿನಲ್ಲಿ ಬರುತ್ತವೆ, ಕೆಲಸದಲ್ಲಿ ಶಿಸ್ತಿಲ್ಲ, ಮೂರನೇ ಕೋಷ್ಟಕ ನಂಬಲರ್ಹವಲ್ಲ, ಭಾಷೆ ಕಳಪೆ, ಭಾಷೆ ಬಲ್ಲವರಿಂದ ತಿದ್ದಿಸಿ, ಇಷ್ಟೇ, ಚಾಕುವಿಗೆ ಹಿಡಿಯೂ ಇಲ್ಲ, ಎರಡೂ ಕಡೆ ಅಲಗೇ, ಓದಿದ ದಿನ ಮನೆಗೆ ಹೋಗಿ ಊಟ ಬೇಡವೆಂದೆ, ನಾನು ಊಟ ಬೇಡವೆಂದದ್ದಕ್ಕೆ ಇವಳು ನೇರವಾಗಿ ಡಾಕ್ಟರಿಗೆ ಫೋನು ಮಾಡಲು ಹೊರಟಿದ್ದಳು, ಮೂರನೇ ಕೋಷ್ಟಕ ನಂಬಲರ್ಹವಲ್ಲವೇ, ಅದರ ಒಂದೊಂದು ಅಂಕಿಗೂ ನನ್ನ ಒಂದೊಂದು ಲೋಟ ಬೆವರು ಹೋಗಿದೆ, ಸರಿ ಒಂದೊಂದು ಹನಿ, ಅದಕ್ಕೇ ಹೋದ ವಾರ ಕೂತು ಉತ್ತರ ಬರೆದೆ, ಕಳಿಸುವ ಮುಂಚೆ ಸಭ್ಯವಾಗಿ ತಿದ್ದಿದರಾಯಿತು, ಮೊದಲು ಹೊಟ್ಟೆಯಲ್ಲಿರುವುದು ಹೊರಗೆ ಬರಲಿ ಎಂದು ಬರೆದೆ, ಬರೆಯುತ್ತ ಬರೆಯುತ್ತ ನನ್ನ ಇಂಗ್ಲಿಷು ಎಂಥ ಇಂಗ್ಲಿಷಾಯಿತೆಂದರೆ ಅದನ್ನೇ ಆಡುತ್ತ ಬೆಳೆದವರೂ ಎದ್ದು ನಿಂತು ಕೇಳಬೇಕು, ಈ ರಿವ್ಯೂವರ್ ಕುರ್ಚಿಯಲ್ಲಿ ಕೂತೂ ಕೂತೂ ಈಗ ಯಾವುದು ಕುರ್ಚಿ ಯಾವುದು ರಿವ್ಯೂವರ್ ಎಂದು ಹೇಳುವುದು ಕಷ್ಟ, ಅದಕ್ಕೆ ತಿದ್ದಪ್ಪ ಎರಡು ಗೆರೆ ಎಳೆದ, ಇವರ ತಲೆಯಲ್ಲಿರುವುದು ಇನ್ನೂ ಗಟ್ಟಿಯಾಗದ ಕಾಂಕ್ರೀಟು, ಅದಕ್ಕೆ ಒಂದು ಗೆರೆ, ಕೊನೆಗೆ ಆ ಸಾಲು — ಈ ರಿವ್ಯೂವರ್ ತಮ್ಮ ಜೀವಮಾನದಲ್ಲಿ ಒಂದೇ ಒಂದು ಏಣಿಯ ಮೇಲೂ ಕಾಲಿಟ್ಟವರಲ್ಲ ಎಂಬುದು ಸ್ಪಷ್ಟ — ಇಡೀ ಏಳು ಪುಟದಲ್ಲಿ ತಿದ್ದಪ್ಪ ಒಂದೂ ಗೆರೆ ಎಳೆಯದೆ ಬಿಟ್ಟ ಒಂದೇ ಸಾಲು, ಸ್ಪಷ್ಟ, ಆತ್ಮವಿಶ್ವಾಸದ ಧ್ವನಿ ಎಂದು ಹಸಿರು ಟಿಕ್ಕು ಬೇರೆ, ಅದನ್ನು ನಾನು ಗಟ್ಟಿಯಾಗಿ ಓದಿಕೊಂಡು ಒಬ್ಬನೇ ಮೇಜು ಕುಟ್ಟಿದ್ದೆ.

ನಾಲ್ಕೂ ಇಪ್ಪತ್ತು, ಇನ್ನು ಆ ಉತ್ತರವನ್ನು ತೆರೆದು ವಿಷವಿಳಿಸಿ, ಗೌರವಾನ್ವಿತ ರಿವ್ಯೂವರ್ ಅವರ ಅಮೂಲ್ಯ ಸಲಹೆಗೆ ಕೃತಜ್ಞ ಎಂದು ಸಕ್ಕರೆ ಸವರಿ — ತಿರುಗುತ್ತಿದೆ, ಚಕ್ರ ತಿರುಗುತ್ತಿದೆ, ತಿದ್ದಪ್ಪ ಯೋಚಿಸುತ್ತಿದ್ದಾನೆ, ಯೋಚಿಸಪ್ಪ, ನನಗೇನು ಆತುರ, ನಲವತ್ತು ನಿಮಿಷದಲ್ಲಿ ನನ್ನ ಬಾಳು ಮುಳುಗುವುದಿದೆ ಅಷ್ಟೇ, ಪುಟ ಮತ್ತೆ ತೆರೆ, ಪಾಸ್‌ವರ್ಡು, ತಪ್ಪು, ಪಾಸ್‌ವರ್ಡು, ಬಂತು, ಬಂದದ್ದು ಪೇಪರಲ್ಲ, ಕಪಾಟು, ಇಡೀ ಕಾಲೇಜಿನ ಬರಹಗಳ ಪಟ್ಟಿ, ಯಾವುದು ಕೊನೆಯಲ್ಲಿ ಮುಟ್ಟಿದ್ದೋ ಅದು ಮೇಲೆ, ಎಲ್ಲಕ್ಕಿಂತ ಮೇಲೆ ಎರಡನೇ ರಿವ್ಯೂವರ್‌ಗೆ ಉತ್ತರ, ನನ್ನದೇ, ಅದರ ಕೆಳಗೆ ನನ್ನ ಪೇಪರು, ಯಾರದೋ ಪ್ರವಾಸದ ವರದಿ, ಯಾರದೋ ಶಿಫಾರಸು ಪತ್ರ, ಕೆಳಗೆ, ಇನ್ನೂ ಕೆಳಗೆ, ಆರು ವಾರದ ಹಿಂದಿನದು, ನೀರಿನ ಟ್ಯಾಂಕಿನ ಬಿರುಕು, ಅಭಿಪ್ರಾಯ — ನನ್ನದಲ್ಲ, ನಾನು ಅಭಿಪ್ರಾಯ ಎಂದು ಯಾವ ಕಡತಕ್ಕೂ ಹೆಸರಿಟ್ಟಿಲ್ಲ, ಪಕ್ಕದವ್ರದ್ದಕ್ಕೆ ಕೈ ಹಾಕ್ಬೇಡಿ, ಎರಡು ಸಲ ಹೇಳಿದ್ದರು, ಮೂರು ಸಲ ಹೇಳಬೇಕಿತ್ತು, ಒತ್ತಿದೆ, ಕೆಲಸದಲ್ಲಿ ಶಿಸ್ತಿಲ್ಲ, ಮೂರನೇ ಕೋಷ್ಟಕ ನಂಬಲರ್ಹವಲ್ಲ, ಭಾಷೆ ಕಳಪೆ — ಬೆನ್ನಿನ ಮೇಲೆ ಏಸಿಯ ಹನಿ ಬಿತ್ತೋ ಬೆವರೋ, ಇಲ್ಲೇ, ಈ ಕಾಲೇಜಿನಲ್ಲೇ, ಇದೇ ಖಾತೆಯಲ್ಲಿ, ಅವನೂ ತನ್ನ ಚಾಕುವನ್ನು ಇದೇ ಸಾಣೆಕಲ್ಲಿಗೆ ಹಿಡಿದಿದ್ದ, ಅಂಕ ತೊಂಬತ್ತೊಂಬತ್ತು, ಯಾರಪ್ಪಾ ನೀನು, ಹಳೆಯ ರೂಪ ತೋರಿಸು ಎಂಬ ಗುಂಡಿಯಿದೆ, ತಿದ್ದುವ ಮುಂಚೆ ಇದ್ದದ್ದನ್ನೂ ಪ್ರತಿ ತಿದ್ದುಪಡಿಗೆ ತಿದ್ದಪ್ಪ ಕೊಟ್ಟ ಕಾರಣವನ್ನೂ ಅದಕ್ಕೆ ಬರೆದವರು ಒತ್ತಿದ ಒಪ್ಪಿಗೆಯನ್ನೂ ತೋರಿಸುತ್ತದೆ, ಒತ್ತಿದೆ, ಪುಟ ತುಂಬ ಕೆಂಪು, ಒಂದೂವರೆ ಪುಟ, ಅಂಕ ಐವತ್ತನಾಲ್ಕು, ತಲೆಯ ಮೇಲೆ ಮೊದಲನೇ ಸಾಲು, ಇಪ್ಪತ್ತಾರು ಡಿಗ್ರಿ, ಐವತ್ತೆಂಟು.

ಐವತ್ತೆಂಟು, ತೇವಾಂಶ ಐವತ್ತೆಂಟು — ಅಸಂಬದ್ಧ, ತೆಗೆಯಿರಿ — ಒಪ್ಪಿಗೆ, ಅಂದರೆ, ತಪ್ಪು ತಿಳಿಯಬೇಡಿ, ಈ ಲೇಖಕರು ಯಾರೆಂದು ನನಗೆ ಗೊತ್ತಿರಬಹುದು ಅನ್ನಿಸುತ್ತಿದೆ, ಹಾಗಿದ್ದಲ್ಲಿ ನಾನು ಓದುವುದು ಸರಿಯಲ್ಲ, ಸಂಪಾದಕರು ಬೇರೆಯವರಿಗೆ ಕೊಟ್ಟರೆ ನನಗೆ ಬೇಸರವಿಲ್ಲ — ವಿಷಯಕ್ಕೆ ಸಂಬಂಧಿಸಿಲ್ಲ, ತೆಗೆಯಿರಿ — ಒಪ್ಪಿಗೆ, ಇಂಥ ತಾಳ್ಮೆಯ ಕೆಲಸವನ್ನು ನಾನು ಬಹಳ ವರ್ಷದಿಂದ ನೋಡಿಲ್ಲ, ಮಾಡಿದವರು ಯಾರೇ ಇರಲಿ ಬಿಸಿಲಿನಲ್ಲಿ ನಿಂತು ಮಾಡಿದ್ದಾರೆ, ಬರವಣಿಗೆಗೆ ಸ್ವಲ್ಪ ಶಿಸ್ತು ಬಂದರೆ ಇನ್ನೂ ಶೋಭಿಸುತ್ತದೆ — ಭಾವುಕ, ದೀರ್ಘ, ಚುಟುಕಾಗಿಸಿ, ಕೆಲಸದಲ್ಲಿ ಶಿಸ್ತಿಲ್ಲ — ಒಪ್ಪಿಗೆ, ಮೂರನೇ ಕೋಷ್ಟಕದಲ್ಲಿ ಕೆಲವು ಅಳತೆ ಬೆಳಗ್ಗೆ ಕೆಲವು ಮಧ್ಯಾಹ್ನ ತೆಗೆದಂತಿದೆ, ಬಿಸಿಗೆ ಬಿರುಕಿನ ಅಗಲ ಬದಲಾಗುತ್ತದಲ್ಲವೇ, ಯಾವ ಹೊತ್ತಿನ ಅಳತೆ ಎಂದು ಒಂದು ಕಾಲಂ ಸೇರಿಸಿದರೆ ಇದು ನಂಬಲರ್ಹವಲ್ಲ ಎಂದು ಯಾರೂ ಬೆರಳು ತೋರಿಸಲಾರರು — ಬಳಸುಮಾತು, ನೇರವಾಗಿ ಹೇಳಿ — ಒಪ್ಪಿಗೆ, ಭಾಷೆ ಅಲ್ಲಲ್ಲಿ ನನ್ನದರ ಹಾಗೆಯೇ ಕುಂಟುತ್ತದೆ, ನಾನು ಈ ಯಂತ್ರದ ಸಹಾಯ ಪಡೆಯುತ್ತಿದ್ದೇನೆ, ಅವರೂ ಪಡೆಯಬಹುದು — ಹಿಂಜರಿಕೆಯ ಧ್ವನಿ — ಒಪ್ಪಿಗೆ, ಒಪ್ಪಿಗೆ, ಒಪ್ಪಿಗೆ, ಒಂದೊಂದನ್ನೂ ಓದಿ ಒತ್ತಿದ್ದಲ್ಲ, ಎಲ್ಲದರ ಎದುರೂ ಒಂದೇ ನಿಮಿಷ ಒಂದೇ ಸೆಕೆಂಡು, ಕೆಳಗಿನ ದೊಡ್ಡ ಗುಂಡಿ ಒತ್ತಿದ್ದಾರೆ, ಎಲ್ಲವನ್ನೂ ಒಪ್ಪಿಕೊಳ್ಳಿ, ತಮ್ಮ ಇಂಗ್ಲಿಷಿಗೆ ನಾಚಿ ಇಡೀ ಹಾಳೆಯನ್ನು ಯಂತ್ರದ ಕೈಗೆ ಕೊಟ್ಟು ಅದು ತೊಂಬತ್ತೊಂಬತ್ತು ಅಂದದ್ದನ್ನು ನಂಬಿ ಕಳಿಸಿಬಿಟ್ಟಿದ್ದಾರೆ, ಮೇಷ್ಟ್ರೇ, ಒಂದು ಸಲ ಓದಬಾರದಿತ್ತೇ, ಬಾಗಿಲು ಹಾಕಿ ಅನ್ನಲು ಅರ್ಧ ಗಂಟೆ ತೆಗೆದುಕೊಳ್ಳುವವರು ಇಲ್ಲಿ ಮಾತ್ರ ಒಂದು ಸೆಕೆಂಡು — ಹೊತ್ತಿನ ಕಾಲಂ, ಅಷ್ಟೇ ತಾನೇ ಕೇಳಿದ್ದು, ನನ್ನ ನೋಟ್‌ಬುಕ್ಕಿನಲ್ಲಿ ಪ್ರತಿ ಅಳತೆಯ ಎದುರೂ ಹೊತ್ತು ಬರೆದಿದೆ, ಸೇರಿಸಲು ಹತ್ತು ನಿಮಿಷ, ಅದಕ್ಕೆ ನಾನು ಏಳು ಪುಟ ಉಗುಳಿದ್ದೇನೆ, ಬಿಸಿಲಿನಲ್ಲಿ ನಿಂತು ಮಾಡಿದ್ದಾರಂತೆ, ಇಪ್ಪತ್ತಾರು ತಿಂಗಳಲ್ಲಿ ಒಬ್ಬರೂ ಹೇಳದ ಮಾತು, ಅವರಿಗೆ ಆ ಬಿಸಿಲು ಗೊತ್ತು, ಮೊದಲನೇ ದಿನ ಅವರೂ ಬಂದಿದ್ದರು, ತಮ್ಮ ಲ್ಯಾಬಿನ ಬಿರುಕು ಅಳೆಯುವ ಮೈಕ್ರೋಸ್ಕೋಪನ್ನು ಟವೆಲಿನಲ್ಲಿ ಸುತ್ತಿ ತಂದು, ಅಂದ್ರೆ ಇವರೇ, ಹಿಡಿಯೋ ರೀತಿ ಒಂದಿದೆ, ನಾನೇ ಒಂದ್ಸಲ ಹತ್ತಿ ತೋರಿಸ್ಲಾ, ಹತ್ತಿದರು, ನಾನು ಕೆಳಗೆ ಏಣಿ ಹಿಡಿದಿದ್ದೆ, ಮೇಲಿನಿಂದ ಕೇಳಿದರು, ಆ ಹಿಂದಿನ ಗೋಡೆ ಬಿರುಕು ಎಷ್ಟಗಲ ಇದೆ, ನಾನು — ನನಗೆ ಏನನ್ನೂ ಇದ್ದಷ್ಟೇ ಹೇಳಿ ಗೊತ್ತಿದ್ದರೆ ತಾನೇ — ಇಷ್ಟಗಲ ಮೇಷ್ಟ್ರೇ ಎಂದು ಎರಡೂ ಕೈ ಬಿಟ್ಟು ಅಗಲಿಸಿ ತೋರಿಸಿದೆ, ಏಣಿ ಜಾರಿತು, ಅವರ ಮೊಣಕಾಲು ಕಟ್ಟೆಗೆ ಬಡಿದ ಸದ್ದು, ಎರಡು ಆಪರೇಷನ್, ಇಂದಿಗೂ ಮೆಟ್ಟಿಲಿಗೆ ಒಂದೇ ಕಾಲು ಮುಂದಿಟ್ಟು ಇನ್ನೊಂದನ್ನು ಅದರ ಪಕ್ಕಕ್ಕೆ ಎಳೆದುಕೊಂಡು ಹತ್ತುತ್ತಾರೆ, ಕೇಳಿದವರಿಗೆಲ್ಲ ಒಂದೇ ಉತ್ತರ, ನನ್ದೇ ಕಾಲು ಜಾರಿದ್ದು, ಇವ್ರು ಗಟ್ಟಿಯಾಗಿ ಹಿಡಿದಿದ್ರು ಪಾಪ.

ನಾಲ್ಕೂ ನಲವತ್ತೊಂದು, ಅಳಿಸು, ಮೊದಲು ಆ ಸಾಲು ಅಳಿಸು, ಉತ್ತರ ತೆರೆ, ತೆರೆಯಿತು, ಕೆಳಗೆ ಹೋಗು, ಕುರ್ಚಿ, ಗಟ್ಟಿಯಾಗದ ಕಾಂಕ್ರೀಟು, ಅದಕ್ಕಿಂತ ಕೆಳಗೆ — ಇದೇನು, ನನ್ನ ಕರ್ಸರಿನ ಗೆರೆ ಕಪ್ಪು, ಪುಟದ ಕೆಳಗಿದೆ, ಮೇಲೆ ಮೊದಲನೇ ಸಾಲಿನಲ್ಲಿ ಇನ್ನೊಂದು ಗೆರೆ ಮಿನುಗುತ್ತಿದೆ, ಹಸಿರು, ಸಪೂರ, ನಾನು ಇಟ್ಟದ್ದಲ್ಲ, ಈ ಕಪಾಟಿಗೆ ಇನ್ನೊಬ್ಬರು ಬಂದು ಅದೇ ಕಡತ ತೆಗೆದರೆ ಅವರ ಗೆರೆ ಹಸಿರಾಗಿ ಕಾಣುತ್ತದೆ ಎಂದು ಮೇಡಂ ಹೇಳಿದ್ದರು, ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿದ್ದದ್ದು ಇದೇ ತಾನೇ, ಯಾರ ಕಣ್ಣಿಗಾದರೂ ಬೀಳುವಂಥದು, ಯಾರಾದರೂ ಆಗಿರಬಹುದು, ಪ್ರವಾಸದ ವರದಿಯವರು, ಶಿಫಾರಸು ಪತ್ರದವರು, ಆದರೆ ಹಸಿರು ಗೆರೆ ಓಡುವುದಿಲ್ಲ, ಒಂದು ಪದ ದಾಟಿ ನಿಲ್ಲುತ್ತದೆ, ಇನ್ನೊಂದು ಪದ ದಾಟಿ ನಿಲ್ಲುತ್ತದೆ, ಒಂದು ಕಾಲು ಮುಂದಿಟ್ಟು ಇನ್ನೊಂದನ್ನು ಪಕ್ಕಕ್ಕೆ ಎಳೆದುಕೊಳ್ಳುವ ಹಾಗೆ, ಎದುರಿನ ಲ್ಯಾಬಿನಲ್ಲಿ ಮೇಷ್ಟ್ರು ಬೆಳಗ್ಗಿನಿಂದ ಓಡಿಸುತ್ತಿದ್ದ ಜರಡಿ ಯಂತ್ರದ ಗಡಗಡ ನಿಂತು ಎಷ್ಟು ಹೊತ್ತಾಯಿತು, ನಾನು ಗಮನಿಸಲೇ ಇಲ್ಲ, ಅಳಿಸು, ಒತ್ತಿದೆ, ಅಳಿಯುವುದಿಲ್ಲ, ಈ ಭಾಗವನ್ನು ಇನ್ನೊಬ್ಬರು ಓದುತ್ತಿದ್ದಾರೆ, ಸ್ವಲ್ಪ ಹೊತ್ತು ಬಿಟ್ಟು ಪ್ರಯತ್ನಿಸಿ, ತಿದ್ದಪ್ಪಾ ನಿನ್ನ ವಂಶ — ತೊಂಬತ್ತಾರು ಬಿರುಕಿಗೆ ಕೈ ಹಾಕಿದವನೇ, ಅಲ್ಪವಿರಾಮಕ್ಕೆ ಸೈನ್ಯ ಕಟ್ಟಿದವನೇ, ಇದೊಂದು ಸಾಲು ತೆಗೆ, ಕೆಂಪು ಗೆರೆ ಎಳೆ, ಅಸಂಬದ್ಧ ಅನ್ನು, ದೀರ್ಘ ಅನ್ನು, ಏನಾದರೂ ಅನ್ನು, ಸ್ಪಷ್ಟ, ಆತ್ಮವಿಶ್ವಾಸದ ಧ್ವನಿ, ಎದ್ದು ಹೋಗಲೇ, ಹದಿನಾಲ್ಕು ಹೆಜ್ಜೆ, ಬಾಗಿಲಲ್ಲಿ ನಿಂತು ಮೇಷ್ಟ್ರೇ ಅದು ನಿಮಗಲ್ಲ ಅನ್ನಲೇ, ಎರಡನೇ ರಿವ್ಯೂವರ್‌ಗೆ ಎಂದು ತಲೆಯ ಮೇಲೆ ಬರೆದಿದೆ, ಅವರಿಗಲ್ಲದೆ ಇನ್ನಾರಿಗೆ, ಮೇಷ್ಟ್ರೇ ನೀವು ಬರೆದದ್ದನ್ನು ನಾನು ಈಗ ಓದಿದೆ ಅನ್ನಲೇ, ನೀವು ಬರೆದದ್ದು ಹಾಗಲ್ಲ, ನಾನು ಬರೆದದ್ದು ಮಾತ್ರ ಹಾಗೆಯೇ — ಕುರ್ಚಿಯ ಸಾಲು ದಾಟಿತು, ಹಸಿರು ಗೆರೆ, ನಿಲ್ಲಲಿಲ್ಲ, ಗಟ್ಟಿಯಾಗದ ಕಾಂಕ್ರೀಟು ದಾಟಿತು, ಒಂದು ಕ್ಷಣ ನಿಂತು ದಾಟಿತು, ಸಿಮೆಂಟಿನವರಲ್ಲವೇ, ನಕ್ಕರೇನೋ, ನಗಲಿ, ಇಲ್ಲೇ ಸಾಕು ಮಾಡಲಿ, ಫೋನು ನಡುಗುತ್ತಿದೆ, ಇವಳದು, ಕಳಿಸಿದ್ರಾ ಎಂದು ಕೇಳಲು, ನಾಲ್ಕೂ ನಲವತ್ತೊಂಬತ್ತು, ಹೊಸ ಹಾಳೆ ತೆರೆದು ನಾಲ್ಕೇ ಸಾಲು ಬರೆದು ಕಾಲಂ ಸೇರಿಸಿ ಕಳಿಸಿದರೆ ಇನ್ನೂ ಹೊತ್ತಿದೆ, ಕಳಿಸಬಹುದು, ಕಾಯಂ ಆಗಬಹುದು, ಕೈ ಕೀಲಿಮಣೆಯ ಮೇಲೇ ಇದೆ, ಏಳುವುದಿಲ್ಲ, ಈ ರಿವ್ಯೂವರ್ — ದಾಟಿತು — ತಮ್ಮ ಜೀವಮಾನದಲ್ಲಿ — ದಾಟಿತು — ಒಂದೇ ಒಂದು ಏಣಿಯ ಮೇಲೂ — ನಿಂತಿತು, ಮತ್ತೆ ಹೊರಟಿತು, ಒಂದು ಪದ, ಇನ್ನೊಂದು ಪದ, ಸ್ಪಷ್ಟ ಎಂಬಲ್ಲಿಗೆ ಬಂತು, ಪೂರ್ಣವಿರಾಮದ ಪಕ್ಕ ನಿಂತಿತು, ಏನಾದರೂ ಬರೆಯಿರಿ ಮೇಷ್ಟ್ರೇ, ತಪ್ಪು ತಿಳಿಯಬೇಡಿ ಎಂದಾದರೂ ಬರೆಯಿರಿ, ಬೈಯಿರಿ, ಬರೆಯುವುದಿಲ್ಲ, ಮುಂದೆ ಹೋಗುವುದಿಲ್ಲ, ಹಿಂದೆಯೂ ಬರುವುದಿಲ್ಲ, ಹಸಿರು ಗೆರೆ, ಸಾಲಿನ ಕೊನೆಯಲ್ಲಿ, ಹತ್ತುತ್ತದೆ, ಆರುತ್ತದೆ, ಹತ್ತುತ್ತದೆ, ಅಲ್ಲೇ —